ಅಕ್ಕಿ ಮೂಟೆಗಳ ಕೋಣೆಯಲ್ಲಿ ಕಿವಿ ಪರೀಕ್ಷೆ

ಕಳಂಬೋಲಿಯ ಆ ಶಾಲೆಯಲ್ಲಿ ಗಂಟೆಯ ಬದಲು ಒಂದು ಮೊಳ ಉದ್ದದ ಕಬ್ಬಿಣದ ಚಾನೆಲ್ ತುಂಡನ್ನು ತೂಗುಹಾಕಿದ್ದರು. ಪಕ್ಕದಲ್ಲೇ ಕಬ್ಬಿಣದ ಮಾರ್ಕೆಟ್ಟು, ಕಬ್ಬಿಣಕ್ಕೇನು ಬರ? ಶಾಲೆಯ ಶಿಪಾಯಿ, ಅಂದರೆ ಜವಾನ, ಒಂದು ಸಲಾಕೆ ಹಿಡಿದು ಅದಕ್ಕೆ ಬಾರಿಸಿದರೆ ಮಕ್ಕಳು ಕೇಕೆ ಹಾಕುತ್ತ ಹೊರಗೋಡುತ್ತಿದ್ದರು. ಕಿವಿ ಪರೀಕ್ಷೆಯ ಕ್ಯಾಂಪಿನ ಮೊದಲ ದಿನ, ಸೋಮವಾರ, ಅದನ್ನು ಮೊದಲ ಸಲ ಬಾರಿಸಿದಾಗ ನಾನು ಒಬ್ಬ ಹುಡುಗನ ತಲೆಗೆ ಹೆಡ್‌ಫೋನ್ ಇಡುತ್ತಿದ್ದೆ. ಆಮೇಲೆ ನನಗೆ ನೆನಪಿರುವುದು ಮೆಟ್ಟಿಲ ಕೆಳಗಿನ ಕತ್ತಲೆ, ಗೋಡೆಗೆ ಒತ್ತಿಕೊಂಡ ನನ್ನ ಹಣೆ, ನೀರಿನ ಬಾಟಲಿ ಹಿಡಿದು ಎರಡು ಮಾರು ದೂರದಲ್ಲೇ ನಿಂತಿದ್ದ ನಮ್ಮ ಕ್ಲಿನಿಕ್ಕಿನ ಆಯಾ, ಮಾವಶಿ. ಮುಟ್ಟಬಾರದು ಎಂದು ಆ ಹೆಂಗಸಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ತಾನೇ ಅರ್ಥ ಮಾಡಿಕೊಂಡಿದ್ದಳು. ನಾನು ಹೊರಗೆ ಬರಲು ಅರ್ಧ ಗಂಟೆ ಹಿಡಿಯಿತು. ಆ ಹುಡುಗ ಅಷ್ಟು ಹೊತ್ತೂ ಹೆಡ್‌ಫೋನ್ ಹಾಕಿಕೊಂಡೇ ಕೂತಿದ್ದನಂತೆ.

ನಾನು ಮಕ್ಕಳ ಕಿವಿ ಪರೀಕ್ಷೆ ಮಾಡುವವಳು. ಮೂರು ವರ್ಷದ ಹಿಂದೆ, ಮೂವತ್ತೊಂದನೇ ವಯಸ್ಸಿನಲ್ಲಿ, ನನಗೆ ಆಟಿಸಂ ಇದೆ ಎಂದು ವೈದ್ಯರು ಹೇಳಿದರು. ಅದಕ್ಕೂ ಮೊದಲು ಮನೆಯಲ್ಲಿ ಅದಕ್ಕೆ 'ಇವಳದೊಂದು ಉಪದ್ರ' ಎಂದು ಹೆಸರಿತ್ತು. ಕುಕ್ಕರಿನ ಸೀಟಿಗೆ ಕಿವಿ ಮುಚ್ಚಿಕೊಂಡರೆ, ಹೊಸ ಬಟ್ಟೆಯ ಕಾಲರಿನ ಚೀಟಿ ಚುಚ್ಚುತ್ತದೆ ಎಂದು ಅತ್ತರೆ, ಅಮ್ಮ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಎಲ್ಲರಿಗೂ ಇಲ್ಲದ್ದು ನಿಂಗೊಬ್ಳಿಗೆ ಎಂತದು?" ಅಮ್ಮನಿಗೆ ಕೆಟ್ಟ ಮನಸ್ಸಿರಲಿಲ್ಲ. ಆದರೆ ಆ ಪ್ರಶ್ನೆ ನನ್ನೊಳಗೆ ಎಷ್ಟು ಆಳಕ್ಕೆ ಇಳಿದಿತ್ತು ಎನ್ನುವುದು ಆ ವಾರ ನನಗೆ ಗೊತ್ತಾಯಿತು.

ಮಾಜಿವಾಡಾದ ನಮ್ಮ ಕ್ಲಿನಿಕ್ಕಿನಲ್ಲಿ ಶಬ್ದ ಹೊಗದ ಒಂದು ಪುಟ್ಟ ಕೋಣೆ ಇದೆ. ಗೋಡೆಗೆಲ್ಲ ಸ್ಪಂಜು, ಬಾಗಿಲು ಒಂದು ಗೇಣು ದಪ್ಪ. ಪರೀಕ್ಷೆಗೆ ಬರುವ ಮಕ್ಕಳಿಗೆ ಅದು ಹೆದರಿಕೆ, ನನಗೆ ಅದು ತವರುಮನೆ. ನಮ್ಮ ಕ್ಯಾಂಪುಗಳಿಗೆ ಹೋಗುತ್ತಿದ್ದಾಕೆ ಹೆರಿಗೆ ರಜೆ ಹಾಕಿದ್ದರಿಂದ ಆ ಮಳೆಗಾಲ ಮೇಡಂ ನನ್ನನ್ನು ಹೊರಗೆ ಕಳಿಸಿದ್ದರು. ಮೇಡಂ ಎಂದರೆ ಕ್ಲಿನಿಕ್ಕಿನ ಮುಖ್ಯಸ್ಥೆ, ಉಡುಪಿ ಕಡೆಯವರು. ಸೋಮವಾರ ಮಧ್ಯಾಹ್ನವೇ ಅವರಿಗೆ ಸುದ್ದಿ ಮುಟ್ಟಿತ್ತು.

"ಎಂತಾಯ್ತು ಮಾರಾಯ್ತಿ?" ಎಂದು ಫೋನಿನಲ್ಲಿ ಕೇಳಿದರು.

"ಬಿಪಿ ಸ್ವಲ್ಪ ಲೋ ಆಯ್ತು ಮೇಡಂ."

"ಬಿಪಿಗೆ ಮೆಟ್ಟಿಲಿನ ಅಡಿಗೆ ಓಡುವುದುಂಟಾ? ನೋಡು, ನಿನ್ನ ಕೆಲಸದ ಬಗ್ಗೆ ನಂದು ಕಂಪ್ಲೇಂಟ್ ಇಲ್ಲ. ಆದ್ರೆ ಮಗುವಿನ ತಲೆಗೆ ಹೆಡ್‌ಫೋನ್ ಇಟ್ಟು ಬಿಟ್ಟು ಓಡ್ಲಿಕ್ಕೆ ಆಗ್ತದಾ? ಇನ್ನೊಮ್ಮೆ ಹೀಗಾದ್ರೆ ಮಕ್ಕಳ ಸೆಕ್ಷನ್ನಿಂದಲೇ ತೆಗೀತೇನೆ. ಆಫೀಸಲ್ಲಿ ರಿಪೋರ್ಟ್ ಟೈಪ್ ಮಾಡು, ನಿಂಗೂ ಆರಾಮ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದಕ್ಕೇ ಜಾಸ್ತಿ ಉರಿಯಿತು. ರಿಪೋರ್ಟ್ ಟೈಪ್ ಮಾಡುವುದು ಬೇರೆಯವರಿಗೆ ಆರಾಮವಿರಬಹುದು. ನನಗೆ ಮಕ್ಕಳು ಬೇಕು. ದೊಡ್ಡವರ ಹಾಗೆ ಮಕ್ಕಳು ಮನಸ್ಸಿನಲ್ಲಿ ಒಂದಿಟ್ಟುಕೊಂಡು ಬಾಯಲ್ಲಿ ಇನ್ನೊಂದು ಹೇಳುವುದಿಲ್ಲ. 'ಮುಖ ನೋಡಿ ಮಾತಾಡು' ಎನ್ನುವುದಿಲ್ಲ. ಅವರ ಜಿಗುಟು ಕೈ, ಎಣ್ಣೆ ಹಚ್ಚಿದ ತಲೆ ನನಗೆ ಕಷ್ಟ, ನಿಜ. ಆದರೆ ಕಾಣದ ಒಂದು ಸಣ್ಣ ಸದ್ದಿಗೆ ಮಗುವಿನ ಕಣ್ಣು ಅರಳುವುದನ್ನು ನೋಡುವ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಡುವವಳಲ್ಲ.

ಹಾಗಾಗಿ ಮಂಗಳವಾರ ನಾನು ತಯಾರಿ ಮಾಡಿಕೊಂಡು ಹೋದೆ. ಸಾವಿರ ಸಲ ಒಗೆದು ಮೆತ್ತಗಾದ ಹತ್ತಿ ಕುರ್ತಾ. ಜೇಬಿನಲ್ಲಿ ಕಿವಿಗೆ ಹಾಕುವ ಮೇಣದ ಬಿರಡೆ. ಕೈ ಒರೆಸಲು ಒದ್ದೆ ಬಟ್ಟೆಯ ಡಬ್ಬಿ, ಮಕ್ಕಳಿಗೂ ನನಗೂ. ಶಾಲೆಗೆ ಹೋದವಳೇ ಶಿಪಾಯಿಯನ್ನು ಹಿಡಿದೆ. ಗಂಟೆ ನಿಲ್ಲಿಸಿ ಎಂದರೆ ನಿಲ್ಲಿಸುವವರಾರು? ಅದಕ್ಕೆ ಬೇರೊಂದು ಕೇಳಿದೆ. ಬಾರಿಸುವ ಎರಡು ನಿಮಿಷ ಮೊದಲು ನನ್ನ ಕಿಟಕಿಯ ಹತ್ತಿರ ಬಂದು ಒಂದು ಕೆಂಪು ಕರವಸ್ತ್ರ ಬೀಸಬೇಕು. ಆತ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಟ್ರೇನ್ ಥಾಂಬವಾಯ್ಚಿ ಕಾಯ್ ಬಾಯಿ?" ಅಂದ. ರೈಲು ನಿಲ್ಲಿಸಬೇಕೇ ಎಂದು ತಮಾಷೆ. ಆದರೆ ಒಪ್ಪಿಕೊಂಡ.

ಕರವಸ್ತ್ರ ಕಂಡ ಕೂಡಲೇ ನಾನು ಮಗುವಿನ ಹೆಡ್‌ಫೋನ್ ತೆಗೆಯುತ್ತಿದ್ದೆ, ಬಿರಡೆ ಹಾಕಿಕೊಳ್ಳುತ್ತಿದ್ದೆ, ಸಾಲಿನಲ್ಲಿದ್ದ ಮಕ್ಕಳಿಗೆಲ್ಲ "ಕಿವಿ ಬಂದ್!" ಎನ್ನುತ್ತಿದ್ದೆ. ಎಲ್ಲರೂ ಕಿವಿ ಮುಚ್ಚಿ ಇಪ್ಪತ್ತರವರೆಗೆ ಎಣಿಸಬೇಕು, ಮೊದಲು ಕೈ ಬಿಟ್ಟವರು ಸೋತಂತೆ. ಮಧ್ಯಾಹ್ನದ ಹೊತ್ತಿಗೆ ಮಕ್ಕಳೇ ಕಿಟಕಿ ಕಾಯತೊಡಗಿದ್ದರು. ಮಾವಶಿಯೂ ಕಿವಿ ಮುಚ್ಚಿ ಎಣಿಸುತ್ತಿದ್ದಳು. ಆ ದಿನ ನಾನು ಒಂದು ಸಲವೂ ಓಡಲಿಲ್ಲ.

ಆದರೂ ಒಂದು ಕಾಟ ಉಳಿದಿತ್ತು. ಆ ಕೋಣೆಯೊಳಗೆ ಕಾಲಿಟ್ಟರೆ ಸಾಕು, ಹಲ್ಲಿನ ಬುಡದಿಂದ ಕತ್ತಿನವರೆಗೆ ಏನೋ ಗುಂಯ್‌ಗುಡುತ್ತಿತ್ತು. ಮಾವಶಿಯನ್ನು ಕೇಳಿದೆ, ತನಗೇನೂ ಕೇಳುತ್ತಿಲ್ಲ ಅಂದಳು. ತರಗತಿಯ ಟೀಚರನ್ನು ಕೇಳಿದೆ, ಅವರೂ ಇಲ್ಲ ಅಂದರು. ಸರಿ, ಇದೂ ನನ್ನ ಉಪದ್ರಗಳಲ್ಲೊಂದು ಎಂದು ನುಂಗಿಕೊಂಡೆ.

ಇಲ್ಲಿ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಮ್ಮ ಕೆಲಸದಲ್ಲಿ ಒಂದು ನಿಯಮವಿದೆ. ಪ್ರತಿದಿನ ಮೊದಲ ಮಗುವನ್ನು ಕೂರಿಸುವ ಮುನ್ನ, ಅದೇ ಕೋಣೆಯಲ್ಲಿ ಪರೀಕ್ಷೆ ಮಾಡುವವರು ತಾವೇ ಹೆಡ್‌ಫೋನ್ ಹಾಕಿಕೊಂಡು, ದಪ್ಪ ಸ್ವರದಿಂದ ಕೀರಲು ಸ್ವರದವರೆಗೆ ನಾಲ್ಕನ್ನೂ ಮೆಲ್ಲಗಿನ ಮಟ್ಟದಲ್ಲಿ ಕೇಳಿ ನೋಡಬೇಕು. ತಮಗೆ ಕೇಳಿಸಿದರೆ ಮಾತ್ರ ಮಗುವಿಗೆ ಕೇಳಿಸಬಹುದು. ಕೇಳಿದ ಮೇಲೆ ರಿಜಿಸ್ಟರಿನಲ್ಲಿ 'ಸ್ಥಳದಲ್ಲಿ ಪರಿಶೀಲಿಸಲಾಗಿದೆ' ಎನ್ನುವ ಕಡೆ ಸಹಿ. ನಾನು ಠಾಕುರ್ಲಿಯಿಂದ ಬೆಳಗಿನ ಮೊದಲ ಲೋಕಲ್‌ಗಳಲ್ಲೊಂದನ್ನು ಹಿಡಿದು, ಮಾಜಿವಾಡಾದ ನನ್ನ ತವರುಮನೆಯಲ್ಲಿ, ಆ ಸ್ಪಂಜಿನ ಕೋಣೆಯಲ್ಲಿ, ಆರಾಮಾಗಿ ಕೂತು ಯಂತ್ರವನ್ನು ಕೇಳಿ ನೋಡಿ, ಅಲ್ಲೇ ಸಹಿ ಹಾಕಿ, ಆಮೇಲೆ ವ್ಯಾನ್ ಹತ್ತುತ್ತಿದ್ದೆ. ಶಾಲೆಯ ಗದ್ದಲದಲ್ಲಿ ಹತ್ತು ನಿಮಿಷ ಕಡಿಮೆಯಾದರೆ ಅಷ್ಟೇ ಪುಣ್ಯ ಎನ್ನುವ ಲೆಕ್ಕ. ಮೂರು ದಿನ, ಮೂರು ಸುಳ್ಳು ಸಹಿ.

ಬುಧವಾರ ಒಂದು ಹುಡುಗಿ ಬಂದಳು. ಏಳು ವರ್ಷ, ಹಳದಿ ಕ್ಲಿಪ್ಪು, ಮುಂದಿನ ಎರಡು ಹಲ್ಲಿಲ್ಲ. ಅಪ್ಪ ವಿಜಯಪುರದ ಕಡೆಯವನು, ಮಾರ್ಕೆಟ್ಟಿನಲ್ಲಿ ಲೋಡಿಂಗ್ ಕೆಲಸ. 'ಕಿವಿ ಸರಿ ಕೇಳುವುದಿಲ್ಲ, ಕರೆದರೆ ತಿರುಗುವುದಿಲ್ಲ' ಎಂದು ಟೀಚರ್ ಚೀಟಿ ಬರೆದು ಕಳಿಸಿದ್ದರು. ಪರೀಕ್ಷೆ ಒಂದು ಆಟ. ರಾಜ್ಮಾ ಕಾಳನ್ನು ಕೆನ್ನೆಯ ಹತ್ತಿರ ಹಿಡಿದು ಕಾಯಬೇಕು, ಸದ್ದು ಕೇಳಿಸಿದಾಗ ಬುಟ್ಟಿಗೆ ಹಾಕಬೇಕು. ಈ ಹುಡುಗಿ ನಾನು ಸ್ವರ ಕೊಟ್ಟಾಗಲೂ ಹಾಕಿದಳು, ಕೊಡದಿದ್ದಾಗಲೂ ಹಾಕಿದಳು, ಒಂದೇ ಸಮನೆ ಹಾಕುತ್ತಲೇ ಹೋದಳು. ಬುಟ್ಟಿ ತುಂಬಿತು.

"ಸದ್ದು ಬಂದಾಗ ಮಾತ್ರ ಹಾಕ್ಬೇಕು ಪುಟ್ಟಿ," ಅಂದೆ.

ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ. "ಆ ರಹೀ ಹೈ ನಾ ಟೀಚರ್! ವೋ ಘೂಂ-ಘೂಂ ವಾಲಾ. ಬಂದ್ ಹೀ ನಹೀಂ ಹೋತಾ."

ಘೂಂ-ಘೂಂ ಎನ್ನುವ ಸದ್ದು, ನಿಲ್ಲುವುದೇ ಇಲ್ಲ. ಪಾಪದ ಮಗು ಪ್ರಾಮಾಣಿಕವಾಗಿ ಒಂದೊಂದು ಘೂಂಗೂ ಒಂದೊಂದು ಕಾಳು ಹಾಕಿತ್ತು.

ಅಂದರೆ ನನ್ನ ಹಲ್ಲಿನ ಬುಡದ ಗುಂಯ್ ಅವಳಿಗೂ ಕೇಳಿಸುತ್ತಿತ್ತು. ಅವಳನ್ನು ತರಗತಿಗೆ ಕಳಿಸಿ, ಮೂರು ದಿನದ ಹಾಳೆಗಳನ್ನು ಮೇಜಿನ ಮೇಲೆ ಹರಡಿದೆ. ಅರವತ್ತೆರಡು ಮಕ್ಕಳು, ಹತ್ತೊಂಬತ್ತು ಜನ ಫೇಲ್. ಮಳೆಗಾಲ, ಮಕ್ಕಳಿಗೆ ನೆಗಡಿ, ನೆಗಡಿಯಾದರೆ ಕಿವಿಯೊಳಗೆ ನೀರು ಕಟ್ಟಿ ದಪ್ಪ ಸ್ವರ ಕೇಳಿಸುವುದಿಲ್ಲ ಎಂದು ನಾನೇ ಸಮಾಧಾನ ಹೇಳಿಕೊಂಡಿದ್ದೆ. ಈಗ ನೋಡಿದರೆ ಹೆಚ್ಚುಕಡಿಮೆ ಎಲ್ಲರೂ ಎಡವಿದ್ದು ಒಂದೇ ಕಡೆ, ಎಲ್ಲಕ್ಕಿಂತ ದಪ್ಪ ಸ್ವರದಲ್ಲಿ. ಹತ್ತೊಂಬತ್ತು ಮೂಗಿಗೂ ಒಂದೇ ನೆಗಡಿಯೇ?

ಮಾವಶಿಗೆ ಬಾಗಿಲು ಹಾಕಲು ಹೇಳಿ, ಮಕ್ಕಳ ಪುಟ್ಟ ಕುರ್ಚಿಯಲ್ಲಿ ಕೂತು ಹೆಡ್‌ಫೋನ್ ಹಾಕಿಕೊಂಡೆ. ಗುಂಡಿ ಹೇಗೆ ಒತ್ತಬೇಕೆಂದು ಅವಳಿಗೆ ತೋರಿಸಿಕೊಟ್ಟು, ಕಣ್ಣು ಮುಚ್ಚಿದೆ. ಕೀರಲು ಸ್ವರ ಕೇಳಿಸಿತು. ನಡುವಿನವು ಕೇಳಿಸಿದವು. ದಪ್ಪ ಸ್ವರಕ್ಕೆ ಕಾದೆ, ಕಾದೆ, ಕಣ್ಣು ಬಿಟ್ಟು ನೋಡಿದರೆ ಮಾವಶಿ ಆಗಲೇ ಮೂರು ಸಲ ಒತ್ತಿಯಾಗಿತ್ತು. ಪಕ್ಕದ ಮನೆಯ ಫ್ರಿಜ್ ಶುರುವಾದರೆ ಎಚ್ಚರವಾಗುವ ನಾನು ನನ್ನದೇ ಪರೀಕ್ಷೆಯಲ್ಲಿ ಫೇಲಾಗಿದ್ದೆ.

ಎದ್ದು ಗೋಡೆಗೆ, ಬೆಂಚಿಗೆ, ಕಿಟಕಿಯ ಸರಳಿಗೆ ಅಂಗೈ ಒತ್ತುತ್ತ ಹೋದೆ. ಕಿಟಕಿಯ ಕಬ್ಬಿಣ ಸಣ್ಣಗೆ ನಡುಗುತ್ತಿತ್ತು. ಕಾಂಪೌಂಡಿನ ಆಚೆ ತಗಡು ಕತ್ತರಿಸುವ ಯಾರ್ಡು, ಅಲ್ಲೊಂದು ದೊಡ್ಡ ಯಂತ್ರ ದಿನವಿಡೀ ಓಡುತ್ತಿತ್ತು. ಅದರ ಘೂಂ ನಮ್ಮ ದಪ್ಪ ಸ್ವರವನ್ನು ಮುಚ್ಚಿಹಾಕುತ್ತಿತ್ತು. ಅಲ್ಲೇ ಬದುಕುವವರ ಕಿವಿ ಅದನ್ನು ಯಾವತ್ತೋ ಲೆಕ್ಕದಿಂದ ಬಿಟ್ಟಿತ್ತು. ಕೇಳುವುದನ್ನು ನಿಲ್ಲಿಸಲು ಬಾರದವರು ಅಲ್ಲಿ ಇಬ್ಬರೇ, ನಾನು ಮತ್ತು ಆ ಹಳದಿ ಕ್ಲಿಪ್ಪಿನ ಹುಡುಗಿ.

ಸಂತೋಷಪಡಲು ಸಮಯವಿರಲಿಲ್ಲ. ಶನಿವಾರ ಪೋಷಕರ ಸಭೆ, ಅಲ್ಲಿ ಚೀಟಿ ಹಂಚುವುದಿತ್ತು. ಹತ್ತೊಂಬತ್ತು ಮನೆಗಳಿಗೆ 'ನಿಮ್ಮ ಮಗುವಿನ ಕಿವಿಯಲ್ಲಿ ದೋಷವಿದೆ' ಎಂದು ಹೋಗುತ್ತಿತ್ತು. ಮೇಡಂಗೆ ಹೇಳಿದರೆ ಸುಳ್ಳು ಸಹಿಯೂ ಹೊರಬೀಳುತ್ತದೆ, ನನ್ನ ಕೈಯಿಂದ ಮಕ್ಕಳು ಹೋದಂತೆಯೇ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ನಾನು ಹದಿನೈದು ನಿಮಿಷ ಆ ಪುಟ್ಟ ಕುರ್ಚಿಯಲ್ಲೇ ಕೂತಿದ್ದೆ. ಬುಟ್ಟಿಯ ತುಂಬ ರಾಜ್ಮಾ ಹಾಗೇ ಇತ್ತು. ಆ ಮಗು ಕೇಳಿದ್ದನ್ನು ಕೇಳಿದೆ ಎಂದು ಹೇಳಿತ್ತು, ಮೂವತ್ತನಾಲ್ಕು ವರ್ಷದ ನಾನು ಹೇಳಿರಲಿಲ್ಲ. ನಾಚಿಕೆಯಾಯಿತು. ಫೋನ್ ಎತ್ತಿಕೊಂಡೆ.

"ರಿಜಿಸ್ಟರಲ್ಲಿ ಸುಳ್ಳು ಬರ್ದಿದ್ದೀಯಾ?" ಮೇಡಂ ಧ್ವನಿ ತಣ್ಣಗಿತ್ತು.

"ಹೌದು ಮೇಡಂ."

"ಯಾಕೆ?"

"ನನಗೆ ಆಟಿಸಂ ಉಂಟು ಮೇಡಂ. ಗದ್ದಲದಲ್ಲಿ ಒಂದು ನಿಮಿಷ ಹೆಚ್ಚು ನಿಲ್ಲುವುದೂ ಕಷ್ಟ ಆಗ್ತದೆ. ಸೋಮವಾರ ಆದದ್ದು ಬಿಪಿ ಅಲ್ಲ."

"ನಮ್ಮಲ್ಲಿಗೆ ಬರ್ತಾವಲ್ಲ, ಕಿವಿ ಮುಚ್ಚಿಕೊಂಡು ಅಳುವ ಮಕ್ಕಳು, ಹಾಗೆಯಾ?"

"ಹಾಗೆಯೇ. ಅವರೂ ದೊಡ್ಡವರಾಗ್ತಾರಲ್ಲ ಮೇಡಂ."

ಅವರು ಒಮ್ಮೆ ಉಸಿರುಬಿಟ್ಟದ್ದು ಕೇಳಿಸಿತು. "ನಾಳೆ ನಾನೇ ಬರ್ತೇನೆ. ಆ ಹತ್ತೊಂಬತ್ತು ಮಕ್ಕಳನ್ನು ಯಾರು ಟೆಸ್ಟ್ ಮಾಡುವುದು ಅಂತ ಅಲ್ಲೇ ನೋಡುವಾ."

"ಒಂದು ಮಾತು ಮೇಡಂ. ಕೋಣೆ ನಾನು ಹುಡುಕ್ತೇನೆ. ಅದೊಂದು ಬಿಟ್ಟುಕೊಡಿ."

ಗುರುವಾರ ಮೇಡಂ ಬರುವುದಕ್ಕೆ ಒಂದು ಗಂಟೆ ಮೊದಲೇ ನಾನು ಶಾಲೆಯಲ್ಲಿದ್ದೆ. ಕ್ಲಿನಿಕ್ಕಿನ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದ ಸದ್ದಳೆಯುವ ಯಂತ್ರವೂ ಕೈಯಲ್ಲಿತ್ತು. ಆದರೆ ಮೊದಲು ಬಿಚ್ಚಿಟ್ಟದ್ದು ನನ್ನ ಕಿವಿಯ ಬಿರಡೆಗಳನ್ನು. ಇಷ್ಟು ವರ್ಷ ಮುಚ್ಚಿಕೊಂಡು ಓಡಾಡಿದ ಕಿವಿಯನ್ನು ಬೇಕೆಂದೇ ತೆರೆದು, ಒಂದೊಂದೇ ಕೋಣೆ ಹೊಕ್ಕೆ. ಲೈಬ್ರರಿಯಲ್ಲಿ ಟ್ಯೂಬ್‌ಲೈಟಿನ ಜುಂಯ್. ಕಂಪ್ಯೂಟರ್ ಕೋಣೆ ಕೇಳುವುದೇ ಬೇಡ. ಮೇಲಿನ ಮಹಡಿಯಲ್ಲಿ ಘೂಂ ಇನ್ನೂ ಜೋರು. ಹಿಂಭಾಗದಲ್ಲಿ, ಯಾರ್ಡಿಗೆ ಬೆನ್ನು ಹಾಕಿದಂತೆ, ಮಕ್ಕಳ ಖಿಚಡಿಗೆ ಅಕ್ಕಿ ಇಡುವ ಕೋಣೆಯೊಂದಿತ್ತು.

"ಬಾಯಿ, ತಿಥೆ ಉಂದೀರ್ ಆಹೇತ್," ಅಂದ ಶಿಪಾಯಿ. ಇಲಿಗಳಿವೆಯಂತೆ.

"ಇಲಿ ಮಾತಾಡೋದಿಲ್ಲವಲ್ಲ, ತೆಗೀರಿ," ಎಂದು ನನಗೆ ಬರುವ ಮರಾಠಿಯಲ್ಲಿ ಹೇಳಿದೆ.

ಬಾಗಿಲು ತೆರೆದು ಒಳಗೆ ನಿಂತೆ. ಮೂರು ಗೋಡೆಗೂ ಎದೆಯೆತ್ತರ ಅಕ್ಕಿ ಮೂಟೆ. ಹಲ್ಲಿನ ಬುಡದ ಗುಂಯ್ ನಿಂತುಹೋಯಿತು. ಅಕ್ಕಿ ಅದನ್ನು ನುಂಗಿತ್ತು. ಯಂತ್ರದ ಮುಳ್ಳೂ ಸುಮ್ಮನೆ ಕೆಳಗೆ ಮಲಗಿತು. ಆದರೆ ವಾಸನೆ! ಗೋಣಿಚೀಲ, ಹಳೇ ಅಕ್ಕಿ, ಅಕ್ಕಿಹುಳ, ಮಳೆಗಾಲದ ತೇವ, ಎಲ್ಲ ಸೇರಿ ಗಂಟಲಿಗೆ ಬಂತು. ಕಿವಿಗೆ ಸ್ವರ್ಗ, ಮೂಗಿಗೆ ನರಕ. ಹೊರಗೆ ಬಂದು ಓಕರಿಸಿದೆ. ಆಮೇಲೆ ಯೋಚಿಸಿದೆ: ಸದ್ದಿದ್ದರೆ ಮಕ್ಕಳು ಫೇಲಾಗುತ್ತಾರೆ, ವಾಸನೆಯಿದ್ದರೆ ನಾನೊಬ್ಬಳು ಒದ್ದಾಡುತ್ತೇನೆ. ಒದ್ದಾಟ ನನಗೆ ಹೊಸತಲ್ಲ, ಮದ್ದು ಹುಡುಕಿದರಾಯಿತು. ಅಪ್ಪ ಡೊಂಬಿವಲಿಯ ಹೋಟೆಲಿನಲ್ಲಿ ಕ್ಯಾಶಿಯರ್. ಅಲ್ಲಿಂದ ತಂದ ಫಿಲ್ಟರ್ ಕಾಫಿ ಪುಡಿಯ ಪೊಟ್ಟಣವೊಂದು ಯಾವಾಗಲೂ ನನ್ನ ಬ್ಯಾಗಿನಲ್ಲಿರುತ್ತದೆ, ರೈಲಿನಲ್ಲಿ ಮೂಗಿಗೆ ಹಿಡಿದುಕೊಳ್ಳಲು. ಒಂದು ಚಿಟಿಕೆ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ಮಾಸ್ಕಿನೊಳಗೆ ಸಿಕ್ಕಿಸಿದೆ. ಮತ್ತೆ ಒಳಗೆ ಹೋದೆ. ನಿಲ್ಲಲು ಆಯಿತು.

ಮೇಡಂ ಬಂದಾಗ ಮೊದಲು ಹಳೇ ಕೋಣೆಗೇ ಕರೆದುಕೊಂಡು ಹೋದೆ. "ಎಲ್ಲಿ ಸದ್ದು? ಎಂತ ಸಹ ಇಲ್ಲ," ಅಂದರು. ಪುಟ್ಟ ಕುರ್ಚಿಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದೆ. ಕಣ್ಣು ಮುಚ್ಚಿ ಕೂತರು. ನಾನು ದಪ್ಪ ಸ್ವರ ಕೊಟ್ಟೆ, ಮತ್ತೆ ಕೊಟ್ಟೆ. ಅವರ ಬೆರಳು ಏಳಲೇ ಇಲ್ಲ.

"ನನ್ನ ಕಿವಿ ಸಹ ಹೋಯ್ತಾ ಮಾರಾಯ್ತಿ?" ಎಂದು ಗಾಬರಿಯಿಂದ ಹೆಡ್‌ಫೋನ್ ಕಿತ್ತರು. ಅವರ ಅಂಗೈಯನ್ನು ಕಿಟಕಿಯ ಸರಳಿನ ಮೇಲೆ ಇಡಲು ಹೇಳಿದೆ. ಇಟ್ಟರು. ಮುಖ ಬದಲಾಯಿತು. ಆಮೇಲೆ ಅಕ್ಕಿ ಕೋಣೆಗೆ ಕರೆದೊಯ್ದು ಅದೇ ಸ್ವರ ಕೊಟ್ಟೆ. ಬೆರಳು ತಟ್ಟನೆ ಎದ್ದಿತು, ಪ್ರತಿ ಸಲವೂ. ಮೂಗಿಗೆ ಸೆರಗು ಮುಚ್ಚಿಕೊಂಡೇ ಅವರು ನನ್ನ ಮಾಸ್ಕನ್ನು ನೋಡಿ, "ಎಂತದು, ಕಾಫಿ ವಾಸನೆ?" ಎಂದು ಕೇಳಿದರು. ಹೇಳಿದೆ. ನಕ್ಕರು. "ಸರಿ, ಮಕ್ಕಳನ್ನು ಕರಿ," ಎಂದು ಒಂದು ಮೂಟೆಯ ಮೇಲೆ ಕೂತುಬಿಟ್ಟರು.

ಮೊದಲೇ ಪಾಸಾದವರನ್ನು ಮತ್ತೆ ಕರೆಯಬೇಕಿರಲಿಲ್ಲ. ಆ ಘೂಂ ನಡುವೆಯೂ ಕೇಳಿಸಿಕೊಂಡ ಕಿವಿಗೆ ಇನ್ನೇನು ಪರೀಕ್ಷೆ? ಹತ್ತೊಂಬತ್ತು ಮಕ್ಕಳು ಮತ್ತು ಹಳದಿ ಕ್ಲಿಪ್ಪಿನವಳು, ಒಟ್ಟು ಇಪ್ಪತ್ತು. ಅವಳನ್ನೇ ಮೊದಲು ಕೂರಿಸಿದೆ. ಕಾಳನ್ನು ಕೆನ್ನೆಗೆ ಹಿಡಿದಳು. ಕಾಯುತ್ತಾ ಕೂತಳು. ಕಣ್ಣು ಮೂಟೆಗಳ ಮೇಲೆ ಓಡಾಡಿತು. ನಾನು ಸ್ವರ ಕೊಡಲಿಲ್ಲ, ಅವಳು ಹಾಕಲಿಲ್ಲ. ಅತಿ ಮೆಲ್ಲಗೆ ಕೊಟ್ಟೆ, ಟಪ್. ಇನ್ನೂ ಮೆಲ್ಲಗೆ, ಟಪ್. ಯಂತ್ರದ ಕೊನೆಯ ಮಟ್ಟಕ್ಕೆ ಇಳಿಸಿದೆ. ಎರಡು ಕ್ಷಣ ಸುಮ್ಮನಿದ್ದು, ಹಲ್ಲಿಲ್ಲದ ಬಾಯಿ ಅಗಲಿಸಿ ನಗುತ್ತ, ಟಪ್.

"ಅಬ್ ಘೂಂ-ಘೂಂ ಚಲಾ ಗಯಾ," ಅಂದಳು. ಈಗ ಅದು ಹೋಯಿತಂತೆ. ಆಮೇಲೆ ಗುಟ್ಟು ಹೇಳುವಂತೆ ಬಾಗಿ, "ಕ್ಲಾಸ್ ಮೇಂ ಭೀ ಆತಾ ಹೈ. ಟೀಚರ್ ಬೋಲ್ತೀ ಹೈ ಕುಛ್ ನಹೀಂ ಹೈ." ತರಗತಿಯಲ್ಲೂ ಬರುತ್ತದೆ, ಟೀಚರ್ ಏನೂ ಇಲ್ಲ ಅನ್ನುತ್ತಾರೆ ಎಂದು ದೂರು.

"ಇದೆ," ಅಂದೆ. "ನಂಗೂ ಕೇಳ್ಸುತ್ತೆ."

ನನಗೆ ಏಳು ವರ್ಷವಿದ್ದಾಗ ಯಾರಾದರೂ ಆ ಎರಡು ಮಾತು ಹೇಳಿದ್ದರೆ ಎಂದು ಅನ್ನಿಸಿತು. ಮೂಟೆಯ ಮೇಲಿದ್ದ ಮೇಡಂ ಆ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು.

ಶುಕ್ರವಾರ ಮಧ್ಯಾಹ್ನಕ್ಕೆ ಎಲ್ಲ ಮುಗಿಯಿತು. ಇಪ್ಪತ್ತರಲ್ಲಿ ಹದಿನೇಳು ಮಕ್ಕಳ ಕಿವಿ ಚೊಕ್ಕ. ಇಬ್ಬರಿಗೆ ಗುಗ್ಗೆ ಗಟ್ಟಿಯಾಗಿತ್ತು. ಒಬ್ಬನಿಗೆ ಎಡಗಿವಿ ನಿಜವಾಗಿಯೂ ಕಡಿಮೆ ಕೇಳುತ್ತಿತ್ತು. ಮೊದಲ ದಿನ ನಾನು ಮೆಟ್ಟಿಲ ಕೆಳಗೆ ಓಡಿದಾಗ ಹೆಡ್‌ಫೋನ್ ಹಾಕಿಕೊಂಡೇ ಕೂತಿದ್ದನಲ್ಲ, ಆ ಹುಡುಗ. ಅಷ್ಟೊಂದು ಸುಳ್ಳುಗಳ ರಾಶಿಯಲ್ಲಿ ಅವನ ಒಂದು ನಿಜ ಕಳೆದೇಹೋಗುತ್ತಿತ್ತು. ಶನಿವಾರ ಅವನ ಅಮ್ಮನ ಜೊತೆ ಮೇಡಂ ತಾವೇ ಕೂತು ಮಾತಾಡಿದರು. ಹಳದಿ ಕ್ಲಿಪ್ಪಿನವಳ ಚೀಟಿಯಲ್ಲಿ ನಾನು 'ಕಿವಿ ಬಹಳ ಚುರುಕು, ಯಾರ್ಡಿನಿಂದ ದೂರದ ಬೆಂಚಿನಲ್ಲಿ ಕೂರಿಸಿ' ಎಂದು ಬರೆದೆ. ಟೀಚರ್ ಅಂದೇ ಬೆಂಚು ಬದಲಿಸಿದರು.

ಮೇಡಂ ನನ್ನ ರಿಜಿಸ್ಟರಿನ ಮೂರು ಸಹಿಗಳನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ ಕಾರಣ ಬರೆಯಿಸಿದರು. ಮಾಡಿದ್ದುಣ್ಣೋ ಮಹಾರಾಯ, ಬರೆದೆ. ಆಮೇಲೆ ಅವರು ಅಂದರು, "ಸೋಮವಾರದಿಂದ ಕಲ್ಯಾಣದ ಶಾಲೆ. ರೂಮ್ ನೀನೇ ಆರಿಸು. ರೂಮ್ ಸರಿ ಇಲ್ಲದಿದ್ರೆ ಕ್ಯಾಂಪೇ ಬೇಡ ಅಂತ ಹೇಳ್ಲಿಕ್ಕೆ ನಿಂಗೆ ಅಧಿಕಾರ ಉಂಟು. ಮತ್ತೆ, ಆ ಕೆಂಪು ಕರ್ಚೀಫು ಬಿಟ್ಟು ಹೋಗ್ಬೇಡ."

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ ಒಲೆಯ ಮುಂದೆ ನಿಂತು ಕೇಳಿದರು. ಸ್ವಲ್ಪ ಹೊತ್ತಿನ ಮೇಲೆ, ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ, ಅಡುಗೆಮನೆಯಿಂದ ಕೂಗಿದರು: "ಮಗಾ, ಕುಕ್ಕರ್ ಈಗ ಕೂಗ್ತದೆ, ಕಿವಿ ಮುಚ್ಚಿಕೊ!"

ಸೋಮವಾರ ಕಲ್ಯಾಣದಲ್ಲಿ ಏಳು ಕೋಣೆ ಬೇಡವೆಂದು ಎಂಟನೆಯದನ್ನು ಹಿಡಿದೆ. ಆಟದ ಹಾಸಿಗೆಗಳನ್ನು ಪೇರಿಸಿಟ್ಟಿದ್ದ ಕೋಣೆ. ಬಾಗಿಲ ಹೊರಗೆ ಮಕ್ಕಳ ಸಾಲು ಬೆಳೆಯುತ್ತಿತ್ತು, ಗದ್ದಲವೂ. ಮಾವಶಿ ಬುಟ್ಟಿ ಇಟ್ಟು, ಯಾರನ್ನು ಮೊದಲು ಕಳಿಸಲಿ ಎಂದು ಕೇಳಿದಳು. ತಡಿ ಎಂದು ಹೇಳಿ ನಾನೇ ಆ ಪುಟ್ಟ ಕುರ್ಚಿಯಲ್ಲಿ ಕೂತೆ, ಹೆಡ್‌ಫೋನ್ ಹಾಕಿಕೊಂಡೆ, ಒಂದು ಕಾಳನ್ನು ಕೆನ್ನೆಯ ಹತ್ತಿರ ಹಿಡಿದು ಕಾದೆ.